ಕುರ್ಚಿಯ ಜಾಣತನ, ಹೊಸಿಲಿನ ಹಟ

ಕನ್ನಡದಲ್ಲಿ ‘ಕುರ್ಚಿ’ ಎಂದೊಡನೆ ಮೊದಲು ನೆನಪಾಗುವುದು ಅಧಿಕಾರ. ಕುರ್ಚಿಗಾಗಿ ಕಾದಾಡಿದರು, ಕುರ್ಚಿ ಉಳಿಸಿಕೊಂಡರು, ಕುರ್ಚಿ ಕಳೆದುಕೊಂಡರು ಎಂದು ಪತ್ರಿಕೆಗಳು ಬರೆಯುವಾಗ ಅದರ ನಾಲ್ಕು ಕಾಲುಗಳ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಆದರೆ ಆ ಕಾಲುಗಳ ಜಾಗದಲ್ಲಿ ಗಾಲಿಗಳು ಬಂದವೆಂದರೆ ಪದದ ಅರ್ಥವೇ ತಿರುವುಮುರುವಾಗುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತವರನ್ನು ಕಂಡು ಜನ ದನಿ ತಗ್ಗಿಸುತ್ತಾರೆ, ‘ಪಾಪ’ ಎನ್ನುತ್ತಾರೆ, ಕುರ್ಚಿಯ ಹಿಂದೆ ನಿಂತವರ ಮುಖ ನೋಡುತ್ತಾರೆ. ಒಂದು ಕುರ್ಚಿ ಕುಳಿತವರ ಮಾತಿಗೆ ತೂಕ ತಂದರೆ, ಇನ್ನೊಂದು ಕುಳಿತವರ ಮಾತನ್ನೇ ಕಸಿದುಕೊಳ್ಳುತ್ತದೆ. ಕಳೆದ ಕೆಲವು ವರ್ಷಗಳಿಂದ ಈ ಎರಡನೆಯ ಬಗೆಯ ಕುರ್ಚಿಯೊಂದು ನಮ್ಮ ಮನೆಯಲ್ಲಿದೆ. ಅದು ಕೈಯಿಂದ ತಳ್ಳುವ ಕುರ್ಚಿಯಾಗಿ ಬಂದು, ಮೋಟರಿನ ಕುರ್ಚಿಯಾಗಿ ಬೆಳೆದು, ಕೆಲವು ತಿಂಗಳ ಮಟ್ಟಿಗೆ ‘ಜಾಣ ಕುರ್ಚಿ’ಯೂ ಆಗಿದ್ದ ಕಥೆಯನ್ನು ಸಂಘದ ಬಾಂಧವರೊಡನೆ ಹಂಚಿಕೊಳ್ಳಬೇಕೆನಿಸಿದೆ. ಕಥೆಯ ಕೊನೆಯ ಭಾಗ ಸಂಘಕ್ಕೇ ಸೇರಿದ್ದರಿಂದ ಈ ಸಂಚಿಕೆಗಿಂತ ತಕ್ಕ ಜಾಗ ಅದಕ್ಕೆ ಬೇರೆಯಿಲ್ಲ.

ನಾವು ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ನೆಲೆನಿಂತು ಮೂರು ದಶಕಗಳಾದವು. ಈ ಊರು ಕನ್ನಡಕ್ಕೆ ಹೊರಗಿನದಲ್ಲ ಎಂಬುದನ್ನು ಸಂಘದ ಹಿರಿಯರು ಪ್ರತಿವರ್ಷವೂ ನೆನಪಿಸುತ್ತಾರೆ. 1799ರವರೆಗೆ ಈ ನಾಡು ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲವು 1956ರವರೆಗೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ದಿಂಬಂ ಘಟ್ಟದ ಮೇಲಿನ ತಾಳವಾಡಿಯಲ್ಲಿ ಇಂದಿಗೂ ಕನ್ನಡವೇ ಮನೆಮಾತು. ಇಲ್ಲಿನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಇನ್ನೂ ಆಡುನುಡಿಯಾಗಿ ಉಳಿದಿದೆ. ಹೀಗಾಗಿ ನಮ್ಮ ಅಕ್ಕ ಚಾಮರಾಜನಗರದ ಕಡೆಯಿಂದ, ಶಾಲೆಯ ಉಪಾಧ್ಯಾಯಿನಿಯಾಗಿ ನಿವೃತ್ತರಾಗಿ, ನಮ್ಮೊಡನೆ ಇರಲು ಬಂದಾಗ ಅವರಿಗೆ ಪರದೇಶಕ್ಕೆ ಬಂದಂತೆ ಅನಿಸಲಿಲ್ಲ. ಬಂದ ಮೊದಲ ತಿಂಗಳಲ್ಲೇ ಸಂಘದ ಸಭೆಯಲ್ಲಿ ಗಮಕ ವಾಚನ ಮಾಡಿದರು. ಹಲವರಿಗೆ ಆ ಸಂಜೆ ನೆನಪಿರಬಹುದು. ಮುಂದೆ ಮೂರು ವರ್ಷ ಅವರು ತಪ್ಪದೆ ಓದಿದರು. ಆಮೇಲೆ ಬೆನ್ನುಹುರಿಗೆ ತಗುಲಿದ ಕಾಯಿಲೆಯೊಂದು ಸೊಂಟದ ಕೆಳಗಿನ ಬಲವನ್ನು ಕಸಿದುಕೊಂಡಿತು. ಕೈಗಳಲ್ಲಿಯೂ ಹಿಡಿತ ಕಡಿಮೆಯಾಯಿತು. ಕಂಠ ಮಾತ್ರ ಹಾಗೆಯೇ ಉಳಿಯಿತು.

ಮೊದಲು ಬಂದದ್ದು ಮಡಚುವ ಗಾಲಿಕುರ್ಚಿ. ಇದರ ಹಿಂದೆಯೂ ಒಂದು ಕಥೆಯಿದೆ. ಅಮೆರಿಕದ ಹರ್ಬರ್ಟ್ ಎವರೆಸ್ಟ್ ಎಂಬ ಗಣಿ ಎಂಜಿನಿಯರ್ ಅಪಘಾತದಲ್ಲಿ ಬೆನ್ನು ಮುರಿದುಕೊಂಡಿದ್ದರು. ಕಾರಿನೊಳಗೆ ಇಡಲು ಬಾರದ ಭಾರಿ ಕುರ್ಚಿಯಿಂದ ಬೇಸತ್ತು, ಗೆಳೆಯ ಹ್ಯಾರಿ ಜೆನ್ನಿಂಗ್ಸ್‌ನೊಡನೆ ಸೇರಿ 1930ರ ದಶಕದಲ್ಲಿ ಕತ್ತರಿಯಂತೆ ಮಡಚಿಕೊಳ್ಳುವ ಉಕ್ಕಿನ ಕುರ್ಚಿಯನ್ನು ರೂಪಿಸಿದರು. ಇಂದು ನಮ್ಮ ಆಸ್ಪತ್ರೆಗಳ ಬಾಗಿಲಲ್ಲಿ ನಿಂತಿರುವ ಕುರ್ಚಿಗಳೆಲ್ಲ ಬಹುಮಟ್ಟಿಗೆ ಆ ಕುರ್ಚಿಯ ಮೊಮ್ಮಕ್ಕಳು. ಅದನ್ನು ರೂಪಿಸಿದವರಲ್ಲಿ ಒಬ್ಬರು ಸ್ವತಃ ಅದರಲ್ಲಿ ಕೂರಬೇಕಾದವರು ಎಂಬ ಸಂಗತಿ ನಮಗೆ ಮುಖ್ಯವಾಗಿ ಕಂಡಿತು.

ಇಂಥವರು ನಮ್ಮ ನಾಡಿನಲ್ಲಿಯೂ ಇದ್ದರು. ಪೋಲಿಯೋ ಪೀಡಿತರಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯನ್ನು ಸ್ಥಾಪಿಸಿದರು. ಅಂಗವಿಕಲರಿಗೆ ಶಿಕ್ಷಣ, ವೃತ್ತಿ ತರಬೇತಿ, ಸಾಧನ ಸಲಕರಣೆಗಳು ಎಲ್ಲವೂ ಒಂದೇ ಕಡೆ ದೊರೆಯಬೇಕೆಂಬುದು ಅವರ ಹಂಬಲವಾಗಿತ್ತು. ಶೈಶವದಲ್ಲೇ ಪೋಲಿಯೋಗೆ ಗುರಿಯಾದ ಬೆಂಗಳೂರಿನ ಮಾಲತಿ ಹೊಳ್ಳ ಅವರು ಗಾಲಿಕುರ್ಚಿಯ ಓಟದಲ್ಲಿ, ಎಸೆತದ ಸ್ಪರ್ಧೆಗಳಲ್ಲಿ ದೇಶದೇಶಗಳಿಂದ ಪದಕ ತಂದರು. ಅರ್ಜುನ ಪ್ರಶಸ್ತಿಯೂ ಪದ್ಮಶ್ರೀಯೂ ಅವರಿಗೆ ಸಂದವು. ಇವರಿಬ್ಬರೂ ಕುರ್ಚಿಗೆ ಅಂಟಿದ್ದ ‘ಪಾಪ’ ಎಂಬ ಪದವನ್ನು ತೊಳೆದವರು. ಅಕ್ಕ ಶಾಲೆಯಲ್ಲಿದ್ದಾಗ ಮಕ್ಕಳಿಗೆ ಮಾಲತಿಯವರ ಬಗ್ಗೆ ಹೇಳುತ್ತಿದ್ದರಂತೆ. ಈಗ ಆ ಪಾಠ ಅವರಿಗೇ ಬಂತು.

ಕೈಯಿಂದ ತಳ್ಳುವ ಕುರ್ಚಿಯ ಕಾಲ ಕಷ್ಟದ್ದು. ಬೆಳಿಗ್ಗೆ ತುಳಸಿಕಟ್ಟೆಯ ತನಕ ಹೋಗಬೇಕೆಂದರೂ ಮನೆಯಲ್ಲಿ ಒಬ್ಬರ ಕೈ ಬಿಡುವಾಗಬೇಕು. ಒಲೆಯ ಮೇಲಿನ ಹಾಲು, ಶಾಲೆಗೆ ಹೊರಟ ಮಗು, ಬಾಗಿಲಿಗೆ ಬಂದ ತರಕಾರಿಯವನು, ಎಲ್ಲರ ನಂತರ ಅಕ್ಕನ ಸರದಿ. ಅವರು ಕೇಳುವುದನ್ನೇ ಕಡಿಮೆ ಮಾಡಿದರು. ಕೇಳದವರಿಗೆ ಬೇಡವೆಂದುಕೊಳ್ಳುವುದು ಮನೆಮಂದಿಗೆ ಸುಲಭ. ಬೀದಿಗೆ ಕರೆದೊಯ್ದಾಗ ಇನ್ನೊಂದು ಬಗೆಯ ನೋವು. ಬಟ್ಟೆಯಂಗಡಿಯಲ್ಲಿ ಸೀರೆಯನ್ನು ಮುಟ್ಟಿ ನೋಡುತ್ತಿದ್ದವರು ಅಕ್ಕ. ಅಂಗಡಿಯವರು ಕೇಳುತ್ತಿದ್ದುದು ನಮ್ಮನ್ನು: “ಅವರಿಗೆ ಯಾವ ಬಣ್ಣ ಬೇಕಂತೆ?” ನಾಲ್ವತ್ತು ಮಕ್ಕಳ ತರಗತಿಯನ್ನು ಕಣ್ಸನ್ನೆಯಲ್ಲಿ ಆಳಿದವರು ಅಲ್ಲಿ ಪ್ರಥಮ ಪುರುಷರಾಗಿಬಿಟ್ಟಿದ್ದರು. ವ್ಯಾಕರಣ ಕಲಿಸಿದವರಾದ್ದರಿಂದ ಈ ಮಾತನ್ನು ಹೇಳಿದವರೂ ಅವರೇ: “ನಾನು ಉತ್ತಮ ಪುರುಷ, ಎದುರಿಗಿರೋರು ಮಧ್ಯಮ ಪುರುಷ. ಈಗ ಎಲ್ಲರ ಬಾಯಲ್ಲೂ ನಾನು ‘ಅವರು’ ಆಗ್ಬಿಟ್ಟೆ, ನೋಡ್ರಪ್ಪ.”

ಹಿಂದೆ ಇದ್ದ ಬಳೆ ಎರಡನ್ನು ಮಾರಿ ಅಕ್ಕನೇ ಮೋಟರಿನ ಕುರ್ಚಿ ತರಿಸಲು ಹೇಳಿದರು. ಮೋಟರು ಎಂದರೆ ಕೊಯಮತ್ತೂರಿನವರಿಗೆ ವಿವರಿಸಬೇಕಾದುದಿಲ್ಲ. ಜಿ.ಡಿ. ನಾಯ್ಡು ಅವರು ಭಾರತದ ಮೊದಲ ಸ್ವದೇಶಿ ವಿದ್ಯುತ್ ಮೋಟರುಗಳಲ್ಲೊಂದನ್ನು 1937ರಲ್ಲಿ ಮಾಡಿದ್ದು ಇದೇ ಊರಿನಲ್ಲಿ. ಪಂಪುಗಳು, ನೂಲಿನ ಗಿರಣಿಗಳು, ಅವುಗಳ ಬಿಡಿಭಾಗಗಳು ಇಲ್ಲಿನ ಉಸಿರು. ದೋಸೆಹಿಟ್ಟು ರುಬ್ಬುವ ಗ್ರೈಂಡರಿಗೆ ಈ ಊರಿನ ಹೆಸರಿನಲ್ಲೇ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಒರಳಿನ ಮುಂದೆ ಕೂತ ಹೆಂಗಸರ ತೋಳಿಗೆ ಬಿಡುವು ಕೊಟ್ಟ ಊರಿಗೆ ಕುರ್ಚಿ ತಳ್ಳುವ ತೋಳಿಗೆ ಬಿಡುವು ಕೊಡುವುದು ಹೊಸ ವಿದ್ಯೆಯೇನೂ ಅಲ್ಲ.

ಮೋಟರಿನ ಕುರ್ಚಿಯ ಒಳಗುಟ್ಟು ಸರಳ. ಎರಡು ದೊಡ್ಡ ಗಾಲಿಗಳಿಗೆ ಒಂದೊಂದು ಮೋಟರು, ಆಸನದ ಕೆಳಗೆ ಬ್ಯಾಟರಿ, ತೋಳಿನ ತುದಿಯಲ್ಲಿ ಬೆರಳಿನಷ್ಟುದ್ದದ ಜಾಯ್‌ಸ್ಟಿಕ್. ಮುಂದಕ್ಕೆ ಒತ್ತಿದರೆ ಎರಡೂ ಗಾಲಿಗಳು ಸಮವಾಗಿ ಉರುಳುತ್ತವೆ. ಬಲಕ್ಕೆ ಒತ್ತಿದರೆ ಎಡಗಾಲಿ ವೇಗವಾಗಿಯೂ ಬಲಗಾಲಿ ನಿಧಾನವಾಗಿಯೂ ತಿರುಗಿ ಕುರ್ಚಿ ಬಲಕ್ಕೆ ಹೊರಳುತ್ತದೆ. ಬೆರಳು ತೆಗೆದರೆ ಬ್ರೇಕು ತಾನಾಗಿ ಕಚ್ಚಿಕೊಂಡು ನಿಲ್ಲುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಕೈಕಾಲುಗಳ ಬಲ ಕಳೆದುಕೊಂಡ ಸೈನಿಕರಿಗಾಗಿ ಕೆನಡಾದ ಜಾರ್ಜ್ ಕ್ಲೈನ್ ಎಂಬ ಎಂಜಿನಿಯರ್ ರೂಪಿಸಿದ ವಿದ್ಯುತ್ ಕುರ್ಚಿಯಿಂದ ಈ ವಂಶ ಬೆಳೆದು ಬಂದಿದೆ.

ಕುರ್ಚಿ ಬಂದ ವಾರದಲ್ಲೇ ಅಕ್ಕ ಬೀದಿಯ ತಿರುವಿನ ಹೂವಿನವಳ ತನಕ ತಾವೇ ಹೋದರು. ನಾವು ಇಪ್ಪತ್ತು ಹೆಜ್ಜೆ ಹಿಂದೆ, ಸಂಬಂಧವಿಲ್ಲದವರಂತೆ ನಡೆದೆವು. ಹೂವಿನವಳು ತಲೆಯೆತ್ತಿದಳು. ಕುರ್ಚಿಯ ಹಿಂದೆ ಯಾರೂ ಇರಲಿಲ್ಲ. ಆದ್ದರಿಂದ ಅವಳು ಅಕ್ಕನ ಮುಖ ನೋಡಲೇಬೇಕಾಯಿತು. “ಎತ್ತನೆ ಮುಳಂ ವೇಣುಮ್ಮಾ?” ಎಂದಳು. ಎಷ್ಟು ಮೊಳ ಬೇಕಮ್ಮ ಎಂಬ ನಾಲ್ಕು ಮಾತಿನ ಪ್ರಶ್ನೆ. ಅಕ್ಕ ಚೌಕಾಶಿ ಮಾಡಿ ಎರಡು ಮೊಳ ಮಲ್ಲಿಗೆ ತಂದರು. ಆ ಮೋಟರಿನಿಂದ ನಮ್ಮ ಮನೆಗೆ ಬಂದ ದೊಡ್ಡ ಲಾಭ ಚಲನೆಯೆಂದು ಅದುವರೆಗೆ ಎಣಿಸಿದ್ದೆವು. ಅಂದು ತಿಳಿದದ್ದು ಬೇರೆ. ಹಿಂದೆ ನಿಲ್ಲುವವರು ಇಲ್ಲವಾದಾಗ ಕುಳಿತವರು ಮತ್ತೆ ಮಧ್ಯಮ ಪುರುಷರಾಗುತ್ತಾರೆ. ಲೋಕ ಅವರೊಡನೆ ನೇರವಾಗಿ ಮಾತನಾಡತೊಡಗುತ್ತದೆ.

ಇನ್ನು ‘ಜಾಣ’ ಕುರ್ಚಿಯ ಮಾತು. ಇಂಗ್ಲಿಷಿನ ‘ಸ್ಮಾರ್ಟ್’ ಈಗ ಗಡಿಯಾರ, ಫೋನು, ನಗರ ಎಲ್ಲಕ್ಕೂ ಅಂಟಿಕೊಂಡಿದೆ. ಗಾಲಿಕುರ್ಚಿಗೆ ಅಂಟಿದಾಗ ಅದರ ಅರ್ಥ ಇಷ್ಟು: ಸುತ್ತಲಿನದನ್ನು ಅರಿಯಬಲ್ಲ, ಅರಿತುದರ ಮೇಲೆ ತಾನೇ ಕೆಲವು ತೀರ್ಮಾನಗಳನ್ನು ಮಾಡಬಲ್ಲ ಕುರ್ಚಿ. ಬಾವಲಿಯು ಸದ್ದು ಹೊರಡಿಸಿ ಅದರ ಮಾರುದನಿಯಿಂದ ಗೋಡೆಯ ದೂರವನ್ನು ಅಳೆಯುವಂತೆ ಕೆಲವು ಕುರ್ಚಿಗಳು ಶ್ರವಣಾತೀತ ಶಬ್ದದಿಂದ ಅಳೆಯುತ್ತವೆ. ಇನ್ನು ಕೆಲವು ಲೇಸರ್ ಕಿರಣವನ್ನು ಸುತ್ತ ಬೀಸಿ, ಮರಳಿದ ಬೆಳಕಿನಿಂದ ಕೋಣೆಯ ನಕ್ಷೆಯನ್ನೇ ಬರೆದುಕೊಳ್ಳುತ್ತವೆ. ಗಾಲಿ ಎಷ್ಟು ಸುತ್ತು ತಿರುಗಿತೆಂಬ ಲೆಕ್ಕವನ್ನು ಅದರೊಡನೆ ಸೇರಿಸಿ, ಆ ನಕ್ಷೆಯಲ್ಲಿ ತಾವು ಎಲ್ಲಿದ್ದೇವೆಂದು ಕ್ಷಣಕ್ಷಣಕ್ಕೂ ಗುರುತಿಸಿಕೊಳ್ಳುತ್ತವೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ‘ನ್ಯಾವ್‌ಚೇರ್’ 1990ರ ದಶಕದಲ್ಲೇ ಅಡೆತಡೆಗಳನ್ನು ತಪ್ಪಿಸಿ ನಡೆಯಲು ಕಲಿತಿತ್ತು. ಕೊಯಮತ್ತೂರಿನ ಎಟ್ಟಿಮಡೈಯಲ್ಲಿ ಪ್ರಧಾನ ಕಚೇರಿಯಿರುವ ಅಮೃತ ವಿಶ್ವವಿದ್ಯಾಪೀಠದ ಕೇರಳದ ಅಮೃತಪುರಿ ಆವರಣದಲ್ಲಿ ‘ಸೆಲ್ಫ್-ಇ’ ಎಂಬ ಸ್ವಯಂಚಾಲಿತ ಕುರ್ಚಿ ರೂಪುಗೊಂಡಿತು. ಫೋನಿನ ಪರದೆಯ ನಕ್ಷೆಯಲ್ಲಿ ಹೋಗಬೇಕಾದ ಜಾಗವನ್ನು ಬೆರಳಿನಿಂದ ತೋರಿಸಿದರೆ ಕುರ್ಚಿ ಅಲ್ಲಿಗೆ ತಾನೇ ಹೋಗುತ್ತದೆ. ಜಪಾನಿನ ಹನೆಡಾ ವಿಮಾನ ನಿಲ್ದಾಣದಲ್ಲಿ ‘ವಿಲ್’ ಎಂಬ ಸಂಸ್ಥೆಯ ಕುರ್ಚಿಗಳು 2020ರಿಂದ ಪ್ರಯಾಣಿಕರನ್ನು ವಿಮಾನದ ದ್ವಾರದ ಬಳಿಗೆ ಒಯ್ದು ಬಿಟ್ಟು, ಖಾಲಿಯಾಗಿ ತಾವೇ ಹಿಂದಿರುಗುತ್ತವೆ.

ನಮ್ಮ ತಮ್ಮನ ಮಗ ಇದೇ ಊರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅತ್ತೆಯ ಕುರ್ಚಿಯನ್ನೇ ಆರಿಸಿಕೊಂಡ. ರೂಪಾಯಿ ನಾಣ್ಯದಷ್ಟು ಅಗಲದ ಕಣ್ಣುಗಳನ್ನು ಕುರ್ಚಿಯ ಮುಂದೆಯೂ ಪಕ್ಕದಲ್ಲೂ ಜೋಡಿಸಿ, ಅಡ್ಡ ಬಂದದ್ದು ಒಂದೂವರೆ ಅಡಿಗಿಂತ ಹತ್ತಿರವಾದರೆ ನಿಲ್ಲುವಂತೆ ಮಾಡಿದ. ಮೊದಲ ದಿನ ಮನೆಯೆಲ್ಲ ಹಬ್ಬ. ಮೊಮ್ಮಗು ಓಡಿಬಂದು ಮುಂದೆ ನಿಂತರೆ ಕುರ್ಚಿ ಗಕ್ಕನೆ ನಿಲ್ಲುತ್ತಿತ್ತು. ಎರಡನೆಯ ದಿನದಿಂದ ತೊಡಕು ಶುರುವಾಯಿತು. ಬಾಗಿಲಿನ ಪರದೆ ಗಾಳಿಗೆ ಹಾರಿದರೆ ಕುರ್ಚಿ ಅದನ್ನು ಗೋಡೆಯೆಂದು ತಿಳಿದು ನಿಂತಿತು. ಬಾಗಿಲ ಎರಡು ನಿಲುವುಗಳ ನಡುವೆ ಸಿಕ್ಕಿಕೊಂಡು ಮುಂದೆ ಹೋಗಲೊಲ್ಲದೆ ಹಿಂದೆಯೂ ಬರಲೊಲ್ಲದೆ ಹಟಹಿಡಿಯಿತು. ಊಟದ ಹೊತ್ತಿಗೆ ಇನ್ನೂ ಚೆಂದ. ಮೇಜಿನ ಬಳಿಗೆ ಹೋಗಬೇಕೆಂದರೆ ಒಂದೂವರೆ ಅಡಿ ದೂರದಲ್ಲೇ ನಿಂತುಬಿಟ್ಟಿತು. ಅದರ ಲೆಕ್ಕದಲ್ಲಿ ಮೇಜೂ ಒಂದು ಅಡ್ಡಿ, ಅನ್ನದ ತಟ್ಟೆಯೂ ಒಂದು ಅಪಾಯ. ಅಕ್ಕ ಕೈಚಾಚಿ ನೋಡಿದರು, ಎಟುಕಲಿಲ್ಲ. ನಕ್ಕು ಹೇಳಿದರು: “ಇದಕ್ಕೆ ಬುದ್ಧಿ ಜಾಸ್ತಿಯಾಯ್ತು ಕಣಪ್ಪ. ಇನ್ನು ಸ್ವಲ್ಪ ವಿನಯ ಕಲಿಸು.”

ಹುಡುಗ ಮೊದಲು ಮುಖ ಸಣ್ಣಗೆ ಮಾಡಿದ. ಆಮೇಲೆ ಓದಿ ನೋಡಿದಾಗ, ಈ ತೊಡಕು ತನ್ನೊಬ್ಬನದಲ್ಲ, ಇಂಥ ಕುರ್ಚಿಗಳ ಹಿಂದೆ ಬಿದ್ದವರೆಲ್ಲರದೂ ಎಂದು ತಿಳಿಯಿತು. ಮಿಷಿಗನ್ನಿನ ಕುರ್ಚಿಗೂ ತೆರೆದ ಜಾಗದಲ್ಲಿ ಒಂದು ನಡೆ, ಬಾಗಿಲು ದಾಟುವಾಗ ಇನ್ನೊಂದು ನಡೆ, ಗೋಡೆಯ ಪಕ್ಕದಲ್ಲಿ ಮತ್ತೊಂದು ನಡೆ ಕಲಿಸಬೇಕಾಗಿತ್ತು. ಒಂದೇ ವಸ್ತು ಒಮ್ಮೆ ಅಡ್ಡಿ, ಇನ್ನೊಮ್ಮೆ ಗುರಿ. ಗೋಡೆ ಅಪಾಯ, ಆದರೆ ಗೋಡೆಯ ಮೇಲಿನ ದೀಪದ ಗುಂಡಿ ಒತ್ತಲು ಅದರ ಬಳಿಗೇ ಹೋಗಬೇಕು. ಯಾವುದು ಯಾವಾಗ ಏನು ಎಂಬುದನ್ನು ಲೇಸರ್ ಹೇಳಲಾರದು. ಅದು ಕುಳಿತವರ ಮನಸ್ಸಿನಲ್ಲಿದೆ. ಕೊನೆಗೆ ಅವನು ಮಾಡಿದ ತಿದ್ದುಪಡಿ ಚಿಕ್ಕದು. ಅಕ್ಕನ ಹೆಬ್ಬೆರಳಿಗೆ ಸಿಗುವಂತೆ ಒಂದು ಗುಂಡಿ ಇಟ್ಟ. ಅದನ್ನು ಒತ್ತಿದರೆ ಕುರ್ಚಿಯ ಕಣ್ಣುಗಳು ಮುಚ್ಚುತ್ತವೆ, ಕುರ್ಚಿ ಅಕ್ಕನ ಮಾತನ್ನಷ್ಟೇ ಕೇಳುತ್ತದೆ. ಅವನ ಪ್ರಾಜೆಕ್ಟಿನ ವರದಿಯಲ್ಲಿ ಆ ಗುಂಡಿಗೆ ಎರಡೇ ಸಾಲು. ನಮ್ಮ ಪಾಲಿಗೆ ಆ ಕುರ್ಚಿಯಲ್ಲಿ ಅದಕ್ಕಿಂತ ಜಾಣವಾದ ಭಾಗ ಬೇರೆಯಿರಲಿಲ್ಲ.

ಜಗತ್ತಿನ ಒಳ್ಳೆಯ ಸಂಶೋಧನೆಗಳೆಲ್ಲ ಈ ದಿಕ್ಕಿನಲ್ಲೇ ಸಾಗಿವೆ. ಕೈ ಆಡದವರು ಕೊಳವೆಯೊಂದನ್ನು ಊದಿ ಅಥವಾ ಹೀರಿ ಕುರ್ಚಿ ನಡೆಸುತ್ತಾರೆ. ತಲೆಯ ವಾಲುವಿಕೆಯಿಂದ, ನಾಲಗೆಯ ತುದಿಯಿಂದ, ಕಣ್ಣಿನ ನೋಟದಿಂದ ನಡೆಸುವ ಸಾಧನಗಳೂ ಬಂದಿವೆ. ದೇಹದಲ್ಲಿ ಉಳಿದಿರುವ ಒಂದೇ ಒಂದು ಎಳೆಯ ಬಲವನ್ನು ಹುಡುಕಿ, ಅದರ ತುದಿಗೆ ಇಡೀ ಕುರ್ಚಿಯನ್ನು ಕಟ್ಟುವುದು ಅವುಗಳ ಉದ್ದೇಶ. ನಮ್ಮ ನೆರೆಯ ಚೆನ್ನೈನ ಐಐಟಿಯಲ್ಲಿ ಪ್ರೊ. ಸುಜಾತಾ ಶ್ರೀನಿವಾಸನ್ ಅವರ ತಂಡ ಈ ಕೆಲಸವನ್ನು ನಮ್ಮ ದೇಶದ ಜೇಬಿಗೂ ನಮ್ಮ ದೇಶದ ರಸ್ತೆಗೂ ಹೊಂದುವಂತೆ ಮಾಡುತ್ತ ಬಂದಿದೆ. ಕುಳಿತವರು ತಾವೇ ಎದ್ದು ನಿಲ್ಲಲು ನೆರವಾಗುವ ‘ಅರೈಸ್’ ಕುರ್ಚಿಯನ್ನು 2019ರ ನವೆಂಬರಿನಲ್ಲಿ ಬಿಡುಗಡೆ ಮಾಡಿದವರು ಅಂದಿನ ಕೇಂದ್ರ ಸಚಿವ, ಮುಂದೆ ಕರ್ನಾಟಕದ ರಾಜ್ಯಪಾಲರಾದ ಥಾವರಚಂದ್ ಗೆಹ್ಲೋಟ್. ಅಲ್ಲಿಂದಲೇ ಹುಟ್ಟಿದ ‘ನಿಯೋಮೋಷನ್’ ಸಂಸ್ಥೆ 2021ರಲ್ಲಿ ಹೊರತಂದ ‘ನಿಯೋಬೋಲ್ಟ್’ ಎಂಬ ಮೋಟರಿನ ತುಂಡನ್ನು ಗಾಲಿಕುರ್ಚಿಯ ಮುಂದಕ್ಕೆ ಸಿಕ್ಕಿಸಿದರೆ ಅದು ರಸ್ತೆಯಲ್ಲಿ ಓಡುವ ವಾಹನವೇ ಆಗುತ್ತದೆ. ಗಂಟೆಗೆ 25 ಕಿಲೋಮೀಟರ್‌ವರೆಗಿನ ವೇಗ, ಒಮ್ಮೆ ಚಾರ್ಜ್ ಮಾಡಿದರೆ 25 ಕಿಲೋಮೀಟರ್‌ವರೆಗಿನ ದಾರಿ. ಆರ್.ಎಸ್. ಪುರಂನಿಂದ ಪೇರೂರು ದೇವಸ್ಥಾನಕ್ಕೆ ಹೋಗಿಬರಲು ಅಷ್ಟು ಧಾರಾಳ.

ಇಲ್ಲಿಯವರೆಗೆ ಕುರ್ಚಿಯ ಗುಣಗಾನವಾಯಿತು. ಇನ್ನು ನೆಲದ ಮಾತಿಗೆ ಬರಬೇಕು. ಕುರ್ಚಿ ಎಷ್ಟೇ ಜಾಣವಾದರೂ ನೆಲಕ್ಕೆ ಆ ಜಾಣತನ ಇಲ್ಲದಿದ್ದರೆ ಎರಡರ ಮಾತುಕತೆ ಮುರಿದುಬೀಳುತ್ತದೆ.

2001ರ ಜನವರಿಯಲ್ಲಿ ಸ್ಟೀಫನ್ ಹಾಕಿಂಗ್ ಭಾರತಕ್ಕೆ ಬಂದಿದ್ದರು. ಬ್ರಹ್ಮಾಂಡದ ಹುಟ್ಟನ್ನು ಲೆಕ್ಕಹಾಕಿದವರು. ಅವರ ಕುರ್ಚಿಯಲ್ಲಿ ಆ ಕಾಲದ ಅತ್ಯುತ್ತಮ ಸಾಧನಗಳಿದ್ದವು. ಅಂಥವರು ದೆಹಲಿಯ ಕುತುಬ್ ಮಿನಾರ್ ನೋಡಬೇಕೆಂದಾಗ ಅಲ್ಲಿ ಇಳಿಜಾರು ದಾರಿಯಿರಲಿಲ್ಲ. ಅಂಗವಿಕಲರ ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿ ಮತ್ತು ಸಂಗಡಿಗರು ದನಿಯೆತ್ತಿದ ಮೇಲೆ ಸ್ಮಾರಕಗಳಿಗೆ ತರಾತುರಿಯಲ್ಲಿ ಮರದ ಇಳಿಜಾರುಗಳನ್ನು ಇಟ್ಟರು. ಜಗತ್ತಿನ ಅತಿ ಜಾಣ ಮನುಷ್ಯ, ಅತಿ ಜಾಣ ಕುರ್ಚಿ, ಎರಡನ್ನೂ ತಡೆದದ್ದು ಕೆಲವು ಕಲ್ಲಿನ ಮೆಟ್ಟಿಲು. ಬಿಡಿಸಿದ್ದು ಬಡಗಿಯ ನಾಲ್ಕು ಹಲಗೆ.

ನಮ್ಮ ಆರ್.ಎಸ್. ಪುರಂ ಈ ವಿಷಯದಲ್ಲಿ ಅರ್ಧ ದಾರಿ ಬಂದಿದೆ. 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿಯಲ್ಲಿ ಕೊಯಮತ್ತೂರೂ ಇತ್ತು. ಆ ಯೋಜನೆಯಲ್ಲಿ ಡಿ.ಬಿ. ರಸ್ತೆಯ ಕಾಲುದಾರಿಗಳು ಅಗಲವಾದವು. ಅಲ್ಲಿ ಅಕ್ಕನ ಕುರ್ಚಿ ಹಾಯಾಗಿ ಸಾಗುತ್ತದೆ, ಸಂಜೆಯ ಹೊತ್ತು ಅಂಗಡಿಗಳ ದೀಪ ನೋಡುತ್ತ ಅವರು ಒಬ್ಬರೇ ಹೋಗಿಬಂದದ್ದುಂಟು. ಅಡ್ಡಬೀದಿಗೆ ತಿರುಗಿದರೆ ಕಥೆ ಬೇರೆ. ಕಾಲುದಾರಿಯ ನಡುವೆ ಮರ, ಮರದ ಪಕ್ಕದಲ್ಲಿ ವಿದ್ಯುತ್ ಪೆಟ್ಟಿಗೆ, ಅದಕ್ಕೆ ಆನಿಕೊಂಡ ಸ್ಕೂಟರು. ಪ್ರತಿ ಮನೆಯ ಗೇಟಿನ ಮುಂದೆಯೂ ಕಾರು ಹತ್ತಲೆಂದು ಹಾಕಿಸಿದ ಸಿಮೆಂಟಿನ ಏರು. ಕಾರಿನ ಗಾಲಿಗೆ ಇಳಿಜಾರು ಬೇಕೆಂಬುದು ನಮಗೆಲ್ಲ ಹೊಳೆದಿದೆ. ಕುರ್ಚಿಯ ಗಾಲಿಗೂ ಅದೇ ಬೇಕೆಂಬುದು ಮಾತ್ರ ಹೊಳೆಯದೆ ಉಳಿದಿದೆ.

ಕಾನೂನಿನಲ್ಲಿ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ಹಿಂದಿನ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿಗಷ್ಟೇ ಮಾನ್ಯತೆಯಿತ್ತು, ಇದರಲ್ಲಿ ಇಪ್ಪತ್ತೊಂದಕ್ಕೆ. ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಪ್ರವೇಶಯೋಗ್ಯವಾಗಿರಬೇಕೆಂಬುದು ಅದರ ಆಶಯ. ಆ ಪ್ರವೇಶದ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿದರೆ ಸಾಲದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್ 8ರಂದು ರಾಜೀವ್ ರತೂರಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರು. ಅವರಲ್ಲಿ 54 ಲಕ್ಷಕ್ಕೂ ಹೆಚ್ಚು ಜನರಿಗೆ ಚಲನೆಯದೇ ತೊಂದರೆ. ನಮ್ಮ ಬೀದಿಗಳಲ್ಲಿ ಅವರು ಕಾಣಿಸುವುದು ಎಷ್ಟು ವಿರಳ ಎಂದು ಯೋಚಿಸಿದರೆ, ಉಳಿದವರೆಲ್ಲ ಎಲ್ಲಿದ್ದಾರೆಂಬ ಪ್ರಶ್ನೆ ಏಳುತ್ತದೆ. ಅವರೆಲ್ಲ ಹೊಸಿಲಿನ ಒಳಗಿದ್ದಾರೆ.

ಹೊಸಿಲು ನಮಗೆ ಪೂಜ್ಯ. ಬೆಳಿಗ್ಗೆ ಎದ್ದು ಸಾರಿಸಿ, ರಂಗೋಲಿ ಇಟ್ಟು, ಅರಿಸಿನ ಕುಂಕುಮ ಹಚ್ಚುತ್ತೇವೆ. ಅದನ್ನು ತುಳಿಯಬಾರದು, ದಾಟಬೇಕು ಎಂದು ಮಕ್ಕಳಿಗೆ ಕಲಿಸುತ್ತೇವೆ. ದಾಟಲಾರದವರು ಏನು ಮಾಡಬೇಕೆಂದು ಯಾವ ಅಜ್ಜಿಯೂ ಹೇಳಿಕೊಟ್ಟಿರಲಿಲ್ಲ. ನಮ್ಮ ಮನೆಯ ಹೊಸಿಲು ಮೂರು ಅಂಗುಲ ಎತ್ತರ. ಅದನ್ನು ತೆಗೆಸಲು ನಮಗೆ ಮನಸ್ಸು ಬರಲಿಲ್ಲ, ಅಕ್ಕನೂ ಒಪ್ಪಲಿಲ್ಲ. ಬಡಗಿ ಎರಡೂ ಬದಿಗೆ ಮೂರು ಮೂರು ಅಡಿ ಉದ್ದದ ಹಲಗೆಗಳನ್ನು ಓರೆಯಾಗಿ ಜೋಡಿಸಿದ. ಈಗ ಹೊಸಿಲಿಗೆ ಕುಂಕುಮವೂ ಇದೆ, ಅಕ್ಕನಿಗೆ ದಾರಿಯೂ ಇದೆ. ಲೆಕ್ಕ ಸುಲಭದ್ದು. ಒಂದು ಅಂಗುಲ ಏರಲು ಹನ್ನೆರಡು ಅಂಗುಲ ಉದ್ದ ಬೇಕು. ನಮ್ಮ ದೇಶದ ಮಾರ್ಗಸೂಚಿಗಳು ಹೇಳುವುದೂ ಒಂದಕ್ಕೆ ಹನ್ನೆರಡರ ಈ ಪ್ರಮಾಣವನ್ನೇ. ಚೆನ್ನೈನ ಮರೀನಾ ತೀರದಲ್ಲಿ 2022ರ ನವೆಂಬರಿನಲ್ಲಿ ಕುರ್ಚಿಗಳು ಅಲೆಯ ಬಳಿಗೆ ಹೋಗಲೆಂದು ಮರಳಿನ ಮೇಲೆ ಮರದ ಹಾದಿ ಹಾಕಿದರು. ಮರುತಿಂಗಳು ಬೀಸಿದ ಮಾಂಡೂಸ್ ಚಂಡಮಾರುತಕ್ಕೆ ಅದರ ಒಂದು ಭಾಗ ಹಾಳಾಯಿತು, ಮತ್ತೆ ಸರಿಪಡಿಸಿದರು. ಅದನ್ನು ಟೀವಿಯಲ್ಲಿ ಕಂಡ ದಿನ ಅಕ್ಕ ಅಂದದ್ದು: “ಸಮುದ್ರದ ಹತ್ರಕ್ಕೆ ದಾರಿ ಮಾಡಿದಾರೆ. ನಮ್ಮ ಸಂಘದ ಮಹಡಿಗೆ ಆಗಲ್ವಾ?”

ಇದೇ ಆ ಕೊನೆಯ ಭಾಗ. ನಮ್ಮ ಮಾಸಿಕ ಸಭೆಗಳು ಬಾಡಿಗೆಯ ಸಭಾಂಗಣವೊಂದರ ಮೊದಲ ಮಹಡಿಯಲ್ಲಿ ನಡೆಯುತ್ತವೆ. ಮೆಟ್ಟಿಲು ಇಪ್ಪತ್ತೆರಡು, ಲಿಫ್ಟ್ ಇಲ್ಲ. ಕೈಗಾಡಿಯಂಥ ಹಳೆಯ ಕುರ್ಚಿಯಿದ್ದಾಗ ಸಂಘದ ತರುಣರು ನಾಲ್ವರು ಒಂದೊಂದು ಮೂಲೆ ಹಿಡಿದು ಅಕ್ಕನನ್ನು ಒಮ್ಮೆ ಮೇಲೆ ಹೊತ್ತೊಯ್ದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ತಿರುವಿನಲ್ಲಿ ಕುರ್ಚಿ ಓರೆಯಾದಾಗ ಅಕ್ಕ ಕಣ್ಣು ಮುಚ್ಚಿ ಹಿಡಿಕೆಯನ್ನು ಬಿಗಿಯಾಗಿ ಹಿಡಿದದ್ದನ್ನು ನಾವು ಕಂಡೆವು. ಅಂದು ಅವರ ವಾಚನದಲ್ಲಿ ಎಂದಿನ ಬಿಗಿ ಇರಲಿಲ್ಲ. ಮರಳಿ ಬಂದ ಮೇಲೆ ಹೇಳಿದರು: “ಹುಡುಗರು ಒಳ್ಳೆಯವರು. ಆದರೆ ಹೊತ್ಕೊಂಡು ಹೋದರೆ ನಾನು ಸಾಮಾನಾಗ್ತೀನಿ. ಸಾಮಾನು ಗಮಕ ಓದೋದಿಲ್ಲ.” ಅಂದಿನಿಂದ ಅವರು ಮಹಡಿಯ ಸಭೆಗೆ ಬಂದಿಲ್ಲ.

ಮೋಟರಿನ ಕುರ್ಚಿ ಬಂದ ಮೇಲೆ ಇನ್ನೊಂದು ವಿಚಿತ್ರ ಕಾಣಿಸಿತು. ಹಳೆಯ ಕುರ್ಚಿಯನ್ನು ನಾಲ್ವರು ಎತ್ತಬಹುದಾಗಿತ್ತು. ಮೋಟರು, ಬ್ಯಾಟರಿ, ಉಕ್ಕಿನ ಚೌಕಟ್ಟು ಸೇರಿದ ಹೊಸ ಕುರ್ಚಿಯನ್ನು ಕುಳಿತವರೊಡನೆ ಎತ್ತುವುದು ನಾಲ್ವರಿಗೂ ಅಸಾಧ್ಯ, ಅಪಾಯ ಕೂಡ. ಹೀಗೆ ಸಮತಟ್ಟಿನ ನೆಲದಲ್ಲಿ ಅಕ್ಕನನ್ನು ಬಿಡುಗಡೆ ಮಾಡಿದ ಜಾಣತನವೇ ಮೆಟ್ಟಿಲಿನ ಬುಡದಲ್ಲಿ ಅವರನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕಿತು. ಮೆಟ್ಟಿಲು ಹತ್ತುವ ಕುರ್ಚಿಗಳನ್ನೂ ವಿಜ್ಞಾನಿಗಳು ಮಾಡಿದ್ದಾರೆ. ಅಮೆರಿಕದ ಡೀನ್ ಕೇಮನ್ ರೂಪಿಸಿದ ‘ಐಬಾಟ್’ ಅಂಥದ್ದು. ಆದರೆ ಬೆಲೆಯ ಭಾರಕ್ಕೆ 2009ರಲ್ಲಿ ಅದರ ತಯಾರಿಕೆಯೇ ನಿಂತು, ಮತ್ತೆ ಚೇತರಿಸಿಕೊಳ್ಳಲು ಹಲವು ವರ್ಷ ಬೇಕಾಯಿತು. ಪ್ರತಿಯೊಬ್ಬರ ಕುರ್ಚಿಗೂ ಮೆಟ್ಟಿಲು ಹತ್ತುವುದನ್ನು ಕಲಿಸುವುದಕ್ಕಿಂತ ಒಂದು ಮೆಟ್ಟಿಲನ್ನು ಇಳಿಜಾರಾಗಿಸುವುದು ಅಗ್ಗ. ಅಜ್ಜಂದಿರ ಮಂಡಿಗೂ, ಮಗುವಿನ ತಳ್ಳುಗಾಡಿಗೂ, ಅಡುಗೆಯವರ ಪಾತ್ರೆಗಳಿಗೂ ಅದೇ ದಾರಿಯಾಗುತ್ತದೆ.

ಲೆಕ್ಕ ಹಾಕಿಯೇ ಹೇಳುತ್ತಿದ್ದೇವೆ. ಇಪ್ಪತ್ತೆರಡು ಮೆಟ್ಟಿಲು, ಒಂದೊಂದು ಆರು ಅಂಗುಲ, ಒಟ್ಟು ಹನ್ನೊಂದು ಅಡಿ ಎತ್ತರ. ಅದಕ್ಕೆ ಇಳಿಜಾರು ಮಾಡಬೇಕೆಂದರೆ 132 ಅಡಿ ಉದ್ದ ಬೇಕು. ಅದು ಆಗದ ಮಾತು, ಕೇಳುವುದೂ ಇಲ್ಲ. ಆದರೆ ಅದೇ ಕಟ್ಟಡದ ನೆಲಮಹಡಿಯಲ್ಲಿ ಇನ್ನೊಂದು ಕೋಣೆಯಿದೆ. ಐವತ್ತು ಜನ ಕೂರಬಹುದು. ನಮ್ಮ ಮಾಸಿಕ ಸಭೆಗೆ ಅದಕ್ಕಿಂತ ಹೆಚ್ಚು ಜನ ಬರುವುದು ಯುಗಾದಿಗೂ ರಾಜ್ಯೋತ್ಸವಕ್ಕೂ ಮಾತ್ರ. ಅದರ ಬಾಗಿಲಿಗೆ ಎರಡೇ ಮೆಟ್ಟಿಲು, ಸೇರಿ ಒಂದು ಅಡಿ ಎತ್ತರ. ಹನ್ನೆರಡು ಅಡಿ ಉದ್ದದ, ಬೇಕಾದಾಗ ಇಟ್ಟು ಬೇಡವಾದಾಗ ಗೋಡೆಗೆ ಒರಗಿಸುವ, ಜಾರದಂತೆ ಗೀರು ಹಾಕಿದ ಒಂದು ಕಬ್ಬಿಣದ ತಗಡು ಸಾಕು. ಎತ್ತಿಡಲು ಹಗುರವಾಗಲೆಂದು ಎರಡು ತುಂಡು ಮಾಡಿಸಬಹುದು. ವೆಲ್ಡಿಂಗ್ ಅಂಗಡಿ ಪ್ರತಿ ಬೀದಿಯಲ್ಲೂ ಇರುವ ಈ ಊರಿನಲ್ಲಿ ಅದು ಒಂದು ದಿನದ ಕೆಲಸ. ಖರ್ಚನ್ನು ನಮ್ಮ ಕುಟುಂಬವೇ ವಹಿಸುತ್ತದೆ. ಸಂಘದಿಂದ ಬೇಕಾದದ್ದು ಸಭೆಯನ್ನು ಕೆಳಗೆ ಇಳಿಸುವ ಒಂದು ನಿರ್ಣಯ.

ಅಕ್ಕನೊಬ್ಬರಿಗಾಗಿ ಇಷ್ಟೆಲ್ಲ ಏಕೆಂದು ಯಾರೂ ಕೇಳಲಾರರು, ಸಂಘದ ಜನ ಅಂಥವರಲ್ಲ. ಆದರೂ ಒಂದು ಮಾತು. ಮಂಡಿನೋವಿನಿಂದ ಸಭೆಗೆ ಬರುವುದನ್ನು ಬಿಟ್ಟ ಹಿರಿಯ ಸದಸ್ಯರನ್ನು ನಾವು ಬೆರಳೆಣಿಸಿ ನೋಡಿದೆವು. ಎರಡು ಕೈಯ ಬೆರಳು ಸಾಲಲಿಲ್ಲ. ಸಭೆಗೆ ಜನ ಬರುತ್ತಿಲ್ಲ, ಕನ್ನಡದ ಆಸಕ್ತಿ ಕುಂದುತ್ತಿದೆ ಎಂದು ಪ್ರತಿವರ್ಷ ವಾರ್ಷಿಕ ವರದಿಯಲ್ಲಿ ಬರೆಯುತ್ತೇವೆ. ಆಸಕ್ತಿ ಕುಂದಿಲ್ಲ, ಅದು ಮೆಟ್ಟಿಲಿನ ಕೆಳಗೆ ಕಾಯುತ್ತಿದೆ.

ತಮ್ಮನ ಮಗ ಓದು ಮುಗಿಸಿ ಕೆಲಸಕ್ಕೆ ಹೋದ. ಹೋಗುವ ಮುನ್ನ ಆ ಕಣ್ಣುಗಳನ್ನೆಲ್ಲ ಕುರ್ಚಿಯಿಂದ ಬಿಚ್ಚಿಕೊಂಡ, ಕಾಲೇಜಿಗೆ ಹಿಂದಿರುಗಿಸಬೇಕಾಗಿತ್ತು. ಗುಂಡಿ ಮಾತ್ರ ಹಾಗೆಯೇ ಇದೆ. ಅದನ್ನು ಒತ್ತಿದರೆ ಈಗ ಏನೂ ಆಗುವುದಿಲ್ಲ. ಅಕ್ಕನ ಹೆಬ್ಬೆರಳು ಓದುವಾಗ ಅದರ ಮೇಲೆ ತಾಳ ಹಾಕುತ್ತಿರುತ್ತದೆ. ದಿನಾ ಸಂಜೆ ಒಂದು ಗಂಟೆ ಅಭ್ಯಾಸ ನಡೆಯುತ್ತದೆ. ಮುಂದಿನ ತಿಂಗಳ ಸಭೆಗೆ ಯಾವ ಭಾಗ ಎಂದು ಅವರು ಆಗಲೇ ಆರಿಸಿಟ್ಟಿದ್ದಾರೆ. ಸಭೆ ಯಾವ ಮಹಡಿಯಲ್ಲಿ ಎಂಬುದನ್ನು ಕಾರ್ಯಕಾರಿ ಸಮಿತಿ ತಿಳಿಸಬೇಕಾಗಿದೆ.